ಲಿನಕ್ಸ್‌ನಲ್ಲಿ ಮೊದಲ ಕಂಪೈಲರ್

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಚಿತ್ರದುರ್ಗಕ್ಕೆ ಬಂದು ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಗಳಿಗೆ ಸಿ ಭಾಷೆ ಕಲಿಯಲು ಕಂಪೈಲರ್, ಅಂದರೆ ಮನುಷ್ಯ ಬರೆದ ಸೂಚನೆಗಳನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ, ಬೇಕಾಗುತ್ತದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನು ಆಧರಿಸಿರುವ ಉಬುಂಟುವಿನಲ್ಲಿ ಅದಕ್ಕಾಗಿ ಎಲ್ಲೆಲ್ಲೋ ಹುಡುಕಬೇಕಿಲ್ಲ. ಆಪ್ಟ್ ಎಂಬ ಸಾಧನವು ತಂತ್ರಾಂಶಗಳ ಅಧಿಕೃತ ಭಂಡಾರದಿಂದಲೇ, ಜೊತೆಗೆ ಬೇಕಾದ ಕಡತಗಳ ಸಹಿತ, ಅದನ್ನು ತಂದುಕೊಡುತ್ತದೆ. ಟರ್ಮಿನಲ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ‘ಸುಡೊ ಆಪ್ಟ್ ಅಪ್‌ಡೇಟ್’ ಎಂದು ಬರೆದರೆ ಭಂಡಾರದ ಪಟ್ಟಿ ಹೊಸದಾಗುತ್ತದೆ, ಬಳಿಕ ‘ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್’ ಎಂದರೆ ಜಿಸಿಸಿ ಕಂಪೈಲರ್ ಸ್ಥಾಪನೆಯಾಗುತ್ತದೆ. ಸುಡೊ ಎಂಬುದು ಆಡಳಿತಾಧಿಕಾರವನ್ನು ತಾತ್ಕಾಲಿಕವಾಗಿ ಪಡೆಯುವ ಆದೇಶ. ಅದು ಕೇಳುವ ಪಾಸ್‌ವರ್ಡ್ ಒತ್ತುವಾಗ ಸಾಮಾನ್ಯವಾಗಿ ಪರದೆಯ ಮೇಲೆ ಚುಕ್ಕಿಯೂ ಮೂಡದಿರುವುದರಿಂದ ಹೊಸಬರು ಕೀಲಿಮಣೆಯೇ ಕೆಟ್ಟಿತೆಂದು ಗಾಬರಿಗೊಳ್ಳುವುದುಂಟು. ಕನ್ನಡ ಮಾಧ್ಯಮದಿಂದ ಬಂದವರಿಗಂತೂ ಕನ್ನಡದಲ್ಲಿಯೂ ದೊರೆಯುವ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ನಿಜಕ್ಕೂ ದೊಡ್ಡ ನೆರವು.