ವಿಮಾನಯಾನವೂ ಲಿಥಿಯಂ ವಿದ್ಯುತ್ಕೋಶವೂ

'ಲಿಥಿಯಂ' ಎಂಬ ಹೆಸರು ಶಿಲೆ ಎಂಬರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದುದು. ೧೮೧೭ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್‌ಸನ್ ಎಂಬ ರಸಾಯನಶಾಸ್ತ್ರಜ್ಞನು ಒಂದು ಖನಿಜದಲ್ಲಿ ಇದನ್ನು ಕಂಡುಹಿಡಿದನು. ಹೆಸರು ಕಲ್ಲಿನದಾದರೂ ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದುದು ಇದೇ. ಅಲ್ಪ ತೂಕದಲ್ಲಿ ಅಧಿಕ ಶಕ್ತಿಯನ್ನು ಧರಿಸಬಲ್ಲ ಲಿಥಿಯಂ-ಅಯಾನ್ ವಿದ್ಯುತ್ಕೋಶವು ೧೯೯೧ರಲ್ಲಿ ಮಾರುಕಟ್ಟೆಗೆ ಬಂದು, ಇಂದು ಮೊಬೈಲು, ಲ್ಯಾಪ್‌ಟಾಪು, ಪವರ್ ಬ್ಯಾಂಕುಗಳಲ್ಲೆಲ್ಲ ನೆಲೆಸಿದೆ. ಅದರ ವಿಕಾಸಕ್ಕೆ ಕಾರಣರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಆದರೆ ಹಿಡಿದಿಟ್ಟ ಶಕ್ತಿಯಿಂದ ಅಪಾಯವೂ ಉಂಟು. ಕೋಶದೊಳಗೆ ಧನ-ಋಣ ಧ್ರುವಗಳನ್ನು ಬೇರ್ಪಡಿಸುವ ತೆಳುವಾದ ಪೊರೆಯು ಪೆಟ್ಟಿನಿಂದಲೋ ತಯಾರಿಕೆಯ ದೋಷದಿಂದಲೋ ಹರಿದರೆ ಒಳಗೇ ಶಾಖವೇಳುತ್ತದೆ. ಶಾಖವು ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುತ್ತದೆ; ಆ ಕ್ರಿಯೆಯು ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ. ಕೊನೆಗೆ ಒಳಗಿನ ದ್ರವವು ಹೊತ್ತಿಕೊಂಡು, ಬೆಂಕಿಯು ನೆರೆಯ ಕೋಶಗಳಿಗೂ ಹಬ್ಬುತ್ತದೆ. ವಿಮಾನದ ಸರಕುಕೋಣೆಯಲ್ಲಿ ಬಳಸುವ ಹ್ಯಾಲಾನ್ ಅನಿಲವು ಜ್ವಾಲೆಯನ್ನು ಅಡಗಿಸೀತೇ ಹೊರತು ಈ ಒಳಗುದಿಯನ್ನು ನಿಲ್ಲಿಸಲಾರದು.

೨೦೧೦ರ ಸೆಪ್ಟೆಂಬರ್ ೩ರಂದು ದುಬೈಯಿಂದ ಹೊರಟ ಯುಪಿಎಸ್ ಸಂಸ್ಥೆಯ ಸರಕುವಿಮಾನದಲ್ಲಿ ಬೆಂಕಿಯೆದ್ದಿತು. ಸರಕಿನಲ್ಲಿ ಲಿಥಿಯಂ ಕೋಶಗಳು ಬಹುಸಂಖ್ಯೆಯಲ್ಲಿದ್ದವು. ಚಾಲಕರ ಕೋಣೆಯನ್ನು ತುಂಬಿದ ಹೊಗೆಯಲ್ಲಿ ಮುಂದಿನ ಉಪಕರಣಗಳೇ ಕಾಣದಾಗಿ, ವಿಮಾನವು ನೆಲಕ್ಕುರುಳಿ ಇಬ್ಬರು ಚಾಲಕರೂ ಅಸುನೀಗಿದರು. ಮುಂದೆ ೨೦೧೬ರ ಏಪ್ರಿಲ್ ೧ರಿಂದ ಪ್ರಯಾಣಿಕ ವಿಮಾನಗಳಲ್ಲಿ ಬಿಡಿ ಲಿಥಿಯಂ-ಅಯಾನ್ ಕೋಶಗಳನ್ನು ಸರಕಾಗಿ ಸಾಗಿಸುವುದನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯು ನಿಷೇಧಿಸಿತು.

ಪ್ರಯಾಣಿಕರಿಗೆ ವಿಧಿಸಿರುವ ನಿಯಮವು ಮೊದಲ ನೋಟಕ್ಕೆ ವಿಪರೀತವೆಂದು ತೋರಬಹುದು. ಪವರ್ ಬ್ಯಾಂಕನ್ನೂ ಬಿಡಿ ಕೋಶಗಳನ್ನೂ ಒಪ್ಪಿಸುವ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಯೇ ಒಯ್ಯಬೇಕು. ಅಪಾಯಕರವಾದುದನ್ನು ಜನರ ನಡುವೆಯೇ ಇರಿಸುವುದೇ? ಹೌದು, ಕಣ್ಣೆದುರಿನ ಹೊಗೆಯನ್ನು ಸಿಬ್ಬಂದಿಯು ಒಡನೆಯೇ ಕಂಡು, ನೀರೆರೆದು ತಣಿಸಬಲ್ಲರು. ಕೆಳಗಿನ ಕತ್ತಲೆಯಲ್ಲಿ ಹುಟ್ಟಿದ ಬೆಂಕಿಯ ಬಳಿಗೆ ಹೋಗುವವರಾರು?

ಪರಿಮಾಣಕ್ಕೂ ಮಿತಿಯುಂಟು. ಸಾಮಾನ್ಯವಾಗಿ ೧೦೦ ವ್ಯಾಟ್-ಅವರ್‌ವರೆಗಿನ ಕೋಶಕ್ಕೆ ಪ್ರತ್ಯೇಕ ಅನುಮತಿ ಬೇಡ. ೧೦೦ರಿಂದ ೧೬೦ರವರೆಗೆ ವಿಮಾನಸಂಸ್ಥೆಯ ಒಪ್ಪಿಗೆ ಬೇಕು. ಅದನ್ನು ಮೀರಿದುದಕ್ಕೆ ಪ್ರವೇಶವಿಲ್ಲ. ಲೆಕ್ಕವು ಸುಲಭ: ೨೦,೦೦೦ ಮಿಲಿಆಂಪಿಯರ್-ಅವರ್ ಎಂದಿದ್ದರೆ ಅದನ್ನು ಸಾವಿರದಿಂದ ಭಾಗಿಸಿ, ೩.೭ ವೋಲ್ಟಿನಿಂದ ಗುಣಿಸಿದರೆ ೭೪ ವ್ಯಾಟ್-ಅವರ್. ಬಿಡಿ ಕೋಶಗಳ ಧ್ರುವಗಳು ನಾಣ್ಯ, ಬೀಗದ ಕೈಗಳಿಗೆ ತಾಗದಂತೆ ಮುಚ್ಚಿಡುವುದೂ ಅವಶ್ಯ. ಕೆಲವು ಸಂಸ್ಥೆಗಳ ಕಟ್ಟಳೆ ಇನ್ನೂ ಬಿಗಿ. ಎಮಿರೇಟ್ಸ್ ಸಂಸ್ಥೆಯು ೨೦೨೫ರ ಅಕ್ಟೋಬರ್ ೧ರಿಂದ ವಿಮಾನದೊಳಗೆ ಪವರ್ ಬ್ಯಾಂಕಿನ ಬಳಕೆಯನ್ನೇ ತಡೆದಿದೆ. ಆದುದರಿಂದ ಹೊರಡುವ ಮುನ್ನವೇ ಆಯಾ ಸಂಸ್ಥೆಯ ನಿಯಮವನ್ನು ವಿಚಾರಿಸಿಕೊಳ್ಳುವುದು ಲೇಸು.

ದೇಶವಿದೇಶಗಳಲ್ಲಿ ನೆಲೆಸಿ, ಹಬ್ಬಹುಣ್ಣಿಮೆಗಳಿಗೆ ತಾಯ್ನೆಲಕ್ಕೆ ಬಂದುಹೋಗುವ ಹಳೆಯ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ವಿಮಾನವೆಂಬುದು ನೂರಾರು ಜೀವಗಳು ಒಂದಾಗಿ ಏರಿದ ಮನೆ. ಒಬ್ಬನ ಅಲಕ್ಷ್ಯದ ಫಲವನ್ನು ಎಲ್ಲರೂ ಉಣ್ಣಬೇಕಾಗುವ ಆ ಎಡೆಯಲ್ಲಿ, ನಿಯಮಪಾಲನೆಯು ಸಹಪ್ರಯಾಣಿಕರ ಪ್ರಾಣಕ್ಕೆ ಸಲ್ಲುವ ಸೇವೆಯೇ ಸರಿ.