ತೆರಿಗೆಯ ಏಟಿಗೆ ಗಂಟುಮೂಟೆ ಕಟ್ಟಿದ ಮೊಬಿಲ್

ದಕ್ಷಿಣ ಆಫ್ರಿಕಾದಲ್ಲಿದ್ದ ತನ್ನ ವಹಿವಾಟನ್ನೆಲ್ಲ ಮಾರಿ ಹೊರಡುವುದಾಗಿ ಅಮೆರಿಕದ ತೈಲ ಕಂಪನಿ ಮೊಬಿಲ್ 1989ರಲ್ಲಿ ಘೋಷಿಸಿತು. 1897ರಿಂದ ಅಲ್ಲಿ ಬೇರುಬಿಟ್ಟಿದ್ದ ಕಂಪನಿ ಅದು. ಡರ್ಬನ್‌ನಲ್ಲಿ ಅದರ ತೈಲ ಸಂಸ್ಕರಣಾಗಾರವಿತ್ತು, ದೇಶದ ಉದ್ದಗಲಕ್ಕೂ ಪೆಟ್ರೋಲ್ ಬಂಕ್‌ಗಳಿದ್ದವು. ಅಲ್ಲಿನ ವರ್ಣಭೇದ ನೀತಿಯನ್ನು ವಿರೋಧಿಸುತ್ತಿದ್ದ ವಿದ್ಯಾರ್ಥಿಗಳ, ಷೇರುದಾರರ ಒತ್ತಡಕ್ಕೆ ಮಣಿದು ಜನರಲ್ ಮೋಟಾರ್ಸ್ ಮತ್ತು ಐಬಿಎಂ 1986ರಲ್ಲೇ ಹೊರನಡೆಯಲು ತೀರ್ಮಾನಿಸಿದ್ದವು. ಆಗಲೂ ಮೊಬಿಲ್ ಜಗ್ಗಿರಲಿಲ್ಲ. ಕೊನೆಗೆ ಅದನ್ನು ಎಬ್ಬಿಸಿದ್ದು ತೆರಿಗೆ ಕಾನೂನಿನ ಒಂದು ತಿದ್ದುಪಡಿ.

ಒಂದೇ ಆದಾಯದ ಮೇಲೆ ಎರಡು ದೇಶಗಳು ತೆರಿಗೆ ಕೇಳಿದರೆ ವ್ಯಾಪಾರ ಉಳಿಯುವುದಿಲ್ಲ. ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಥಾಮಸ್ ಆಡಮ್ಸ್ ಅವರ ಸಲಹೆಯಂತೆ ಅಮೆರಿಕ ತನ್ನ 1918ರ ಕಂದಾಯ ಕಾಯ್ದೆಯಲ್ಲೇ ಇದಕ್ಕೆ ದಾರಿ ಮಾಡಿಕೊಟ್ಟಿತು: ಹೊರದೇಶಕ್ಕೆ ಕಟ್ಟಿದ ತೆರಿಗೆಯನ್ನು ಇಲ್ಲಿ ಕಟ್ಟಬೇಕಾದುದರಲ್ಲಿ ಕಳೆದುಕೊಳ್ಳಿ ಎಂದಿತು. ಇದೇ ವಿದೇಶಿ ತೆರಿಗೆ ಕ್ರೆಡಿಟ್. ಅಮೆರಿಕದಲ್ಲಿ ನೆಲೆಸಿ, ಬೆಂಗಳೂರಿನ ಮನೆಯ ಬಾಡಿಗೆಗೆ ಭಾರತದಲ್ಲೂ ತೆರಿಗೆ ಕಟ್ಟುವ ಕನ್ನಡಿಗರು 1116ನೇ ನಮೂನೆ ತುಂಬಿ ಪಡೆಯುವುದೂ ಇದನ್ನೇ.

ಈ ಸವಲತ್ತನ್ನು ಕಿತ್ತುಕೊಳ್ಳುವುದೂ ಒಂದು ಅಸ್ತ್ರವಾಗಬಲ್ಲದು ಎಂಬುದು ಹೊಳೆದದ್ದು ಬಹಳ ತಡವಾಗಿ. ಇಸ್ರೇಲ್ ವಿರುದ್ಧದ ಅರಬ್ ಬಹಿಷ್ಕಾರಕ್ಕೆ ಕೈಜೋಡಿಸುವ ಕಂಪನಿಗಳಿಗೆ ಕ್ರೆಡಿಟ್ ಕಡಿತ ಮಾಡುವ ನಿಯಮವನ್ನು 1976ರಲ್ಲಿ ಸೆನೆಟರ್ ಅಬ್ರಹಾಂ ರಿಬಿಕಾಫ್ ತಂದರು. ಹತ್ತು ವರ್ಷಗಳ ನಂತರ, 1986ರ ಬಜೆಟ್ ಕಾಯ್ದೆ, ಅಮೆರಿಕ ರಾಜತಾಂತ್ರಿಕ ಸಂಬಂಧ ಇಟ್ಟುಕೊಳ್ಳದ ಅಥವಾ ಭಯೋತ್ಪಾದನೆಗೆ ಬೆಂಬಲ ಕೊಡುವವೆಂದು ಹೆಸರಿಸಿದ ದೇಶಗಳಿಗೆ ಕಟ್ಟಿದ ತೆರಿಗೆಗೆ ಕ್ರೆಡಿಟ್ಟೇ ಇಲ್ಲ ಎಂದಿತು.

ದಕ್ಷಿಣ ಆಫ್ರಿಕಾ ಈ ಎರಡು ಗುಂಪಿಗೂ ಸೇರಿರಲಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನ ಪ್ರತಿನಿಧಿ ಚಾರ್ಲ್ಸ್ ರೇಂಜೆಲ್ ಅದರ ಹೆಸರನ್ನು 1987ರ ಬಜೆಟ್ ಕಾಯ್ದೆಗೆ ಸೇರಿಸಿದರು. ಹಿಂದಿನ ವರ್ಷವಷ್ಟೇ ವರ್ಣಭೇದ ವಿರೋಧಿ ನಿರ್ಬಂಧ ಮಸೂದೆಯನ್ನು ತಳ್ಳಿಹಾಕಿ, ಸಂಸತ್ತಿನೆದುರು ಸೋತಿದ್ದ ಅಧ್ಯಕ್ಷ ರೇಗನ್, ಈ ಬಾರಿ ದಪ್ಪನೆಯ ಬಜೆಟ್ ಕಾಯ್ದೆಗೆ ಸಹಿ ಹಾಕಿದರು. ಒಳಗಿದ್ದ ಈ ಅಂಶವೂ ಅದರೊಡನೆ ಕಾನೂನಾಯಿತು.

ಲೆಕ್ಕ ನೋಡಿ. 100 ಡಾಲರ್ ಲಾಭಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಶೇ 50 ಕಂಪನಿ ತೆರಿಗೆ. ಉಳಿದ 50 ಡಾಲರನ್ನು ಲಾಭಾಂಶವಾಗಿ ತವರಿಗೆ ಕಳಿಸುವಾಗ ಶೇ 15. ಒಟ್ಟು 57.50 ಡಾಲರ್. ಅಮೆರಿಕದ ದರ ಶೇ 34 ಆದ್ದರಿಂದ ಕ್ರೆಡಿಟ್ ಇದ್ದಾಗ ಅಲ್ಲಿ ಕೊಡಬೇಕಾದದ್ದು ಸೊನ್ನೆ. ಕ್ರೆಡಿಟ್ ಹೋದ ಮೇಲೆ ಆ ತೆರಿಗೆಯನ್ನು ಬರೀ ಖರ್ಚೆಂದು ತೋರಿಸಬಹುದಿತ್ತು. ಹಾಗಾಗಿ ಉಳಿದ 42.50ರ ಮೇಲೆ ಮತ್ತೆ ಶೇ 34 ಬಿತ್ತು. ನೂರರಲ್ಲಿ ಸುಮಾರು 72 ಡಾಲರ್ ತೆರಿಗೆಗೇ ಹೋಯಿತು. ಭಾರತ 1946ರಲ್ಲೇ ದಕ್ಷಿಣ ಆಫ್ರಿಕಾದೊಂದಿಗಿನ ವ್ಯಾಪಾರವನ್ನು ಬಹಿರಂಗವಾಗಿ ನಿಷೇಧಿಸಿತ್ತು. ರೇಂಜೆಲ್ ತಿದ್ದುಪಡಿ ಏನನ್ನೂ ನಿಷೇಧಿಸಲಿಲ್ಲ. ಅಲ್ಲಿರುವುದನ್ನು ನಷ್ಟದ ಬಾಬತ್ತು ಮಾಡಿತು, ಅಷ್ಟೇ.

ಹೊರಡಲು ಮೊಬಿಲ್ ಕೊಟ್ಟ ಕಾರಣಗಳಲ್ಲಿ ಇದೇ ಮುಖ್ಯವಾಗಿತ್ತು. ನೀತಿಯ ಮಾತಿಗೆ ಬಗ್ಗದವರು ಲೆಕ್ಕಕ್ಕೆ ಬಗ್ಗಿದರು. ಇದು ಗೆಲುವೇ, ಅನುಮಾನವಿಲ್ಲ. ಆದರೆ ಗೆಲುವು ಎಲ್ಲಿಗೆ ಮುಗಿಯಿತು ಎಂಬುದನ್ನೂ ಹೇಳಬೇಕು. ಸುಮಾರು 15 ಕೋಟಿ ಡಾಲರಿಗೆ ಆಸ್ತಿಯನ್ನೆಲ್ಲ ಕೊಂಡದ್ದು ದಕ್ಷಿಣ ಆಫ್ರಿಕಾದ್ದೇ ಆದ ಗಣಿ ಸಂಸ್ಥೆ ಜೆನ್‌ಕಾರ್. ಸಂಸ್ಕರಣಾಗಾರ ನಿಲ್ಲಲಿಲ್ಲ, ವ್ಯವಹಾರ ಎಂಜೆನ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಕಂಪನಿಗಳು ಹೊರಡುವಾಗ ತಮ್ಮೊಂದಿಗೆ ಮಾತುಕತೆ ನಡೆಯಬೇಕೆಂದು ಅಲ್ಲಿನ ಕಪ್ಪು ಕಾರ್ಮಿಕರ ಸಂಘಟನೆಗಳು ಪಟ್ಟು ಹಿಡಿದಿದ್ದು ಇದೇ ಕಾರಣಕ್ಕೆ. ಆ ಬೇಡಿಕೆಗೆ ತಿದ್ದುಪಡಿಯಲ್ಲಿ ಜಾಗವಿರಲಿಲ್ಲ. ಇರಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಅಧ್ಯಕ್ಷ ಬುಷ್ ನಿರ್ಬಂಧಗಳನ್ನು ತೆಗೆದ 1991ರ ಜುಲೈ 10ಕ್ಕೆ ದಕ್ಷಿಣ ಆಫ್ರಿಕಾಕ್ಕೆ ಕ್ರೆಡಿಟ್ ಮರಳಿತು. ಮುಂದೆ ಇರಾಕ್, ಲಿಬಿಯಾಗಳಿಗೂ 2004ರಲ್ಲಿ ಸಿಕ್ಕಿತು. ಇರಾನ್, ಉತ್ತರ ಕೊರಿಯಾಗಳಿಗೆ ಸಿಗಲಿಲ್ಲ. ಉಕ್ರೇನ್ ಮೇಲಿನ ದಾಳಿಯ ನಂತರ, 2022ರಲ್ಲಿ, ರಷ್ಯಾಕ್ಕೂ ಇದನ್ನೇ ಅನ್ವಯಿಸಬೇಕೆಂದು ಸೆನೆಟರ್‌ಗಳಾದ ರಾನ್ ವೈಡನ್ ಮತ್ತು ರಾಬ್ ಪೋರ್ಟ್‌ಮನ್ ಮುಂದಾದರು. ಅದು ಕಾನೂನಾಗಲಿಲ್ಲ. ಅಷ್ಟರಲ್ಲಿ ರಷ್ಯಾ ತನ್ನದೇ ನಿಯಮ ತಂದಿತು: ಹೊರಡುವ ಕಂಪನಿ ಆಸ್ತಿಯನ್ನು ಕನಿಷ್ಠ ಅರ್ಧದಷ್ಟು ರಿಯಾಯಿತಿಗೆ ಮಾರಬೇಕು, ಮೇಲೆ ಸರ್ಕಾರಿ ಖಜಾನೆಗೂ ಒಂದು ಪಾಲು ಕೊಡಬೇಕು.