ಕೆಂಪು ಮಣಿ ಸರಿದರೆ ನ್ಯುಮೋನಿಯಾ

ಮಗುವಿಗೆ ನ್ಯುಮೋನಿಯಾ ಇದೆಯಾ? ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತೆ ಅಂತ ಎಣಿಸಿದರೆ ಸುಳಿವು ಸಿಗುತ್ತೆ. ಆದರೆ ಊರಿನ ಸೂಲಗಿತ್ತಿಗೆ ಅಷ್ಟರವರೆಗೆ ಎಣಿಸಲು ಬರದಿದ್ದರೆ?

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಅವಳ ಕೈಗೆ ಕೊಟ್ಟಿದ್ದು ಮಣಿ ಪೋಣಿಸಿದ ಒಂದು ಹಲಗೆ, ಜೊತೆಗೆ ಒಂದು ನಿಮಿಷದ ಮರಳು ಗಡಿಯಾರ. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ ಕೆಂಪು ಮಣಿ ಸರಿಯಿತೋ, ನ್ಯುಮೋನಿಯಾ ಅಂತ ಲೆಕ್ಕ. ನನ್ನ ಪಾಲಿಗೆ ಇದು ಯಾವ ದೊಡ್ಡ ಯಂತ್ರಕ್ಕೂ ಕಡಿಮೆಯಲ್ಲ. ಜನರ ನಡುವೆ ಬದುಕಿದವರಿಗೆ ಮಾತ್ರ ಹೊಳೆಯುವಂಥದ್ದು.

ಬಂಗ್ ದಂಪತಿಯ ‘ಸರ್ಚ್’ ಸಂಸ್ಥೆ ಶುರುವಾಗಿದ್ದು 1986ರಲ್ಲಿ. ಆದಿವಾಸಿಗಳನ್ನೇ ಕೇಳಿ, ಆಸ್ಪತ್ರೆಯನ್ನು ಅವರ ಹಾಡಿಯ ಹಾಗೆ ಕಟ್ಟಿದರು. ಅವರ ದೇವಿ ದಂತೇಶ್ವರಿಯ ಹೆಸರಿಟ್ಟರು.

ಆಮೇಲೆ ಬಂತು ನವಜಾತ ಶಿಶುಗಳ ಆರೈಕೆಯ ದೊಡ್ಡ ಅಧ್ಯಯನ. 39 ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳೇ ತರಬೇತಿ ಪಡೆದು ಬಾಣಂತಿ ಮನೆಗೆ ಹೋದರು. ಕೂಸನ್ನು ತೂಗಿದರು, ಬೆಚ್ಚಗಿಟ್ಟರು, ನಂಜೇರಿದ್ದರೆ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ಹೋಲಿಕೆಗೆ ಇನ್ನೂ 47 ಹಳ್ಳಿಗಳಿದ್ದವು. ಮೂರನೇ ವರ್ಷಕ್ಕೆ, ಆ ಹಳ್ಳಿಗಳಿಗೆ ಹೋಲಿಸಿದರೆ, ನವಜಾತ ಶಿಶುಗಳ ಮರಣ ಶೇ 62ರಷ್ಟು ಇಳಿದಿತ್ತು! 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಇವತ್ತು ಕರ್ನಾಟಕದಲ್ಲೂ ಆಶಾ ಕಾರ್ಯಕರ್ತೆ ಬಾಣಂತಿ ಮನೆಗೆ ಬಂದು ಕೂಸಿನ ತೂಕ ನೋಡುತ್ತಾರಲ್ಲ, ಆ ಪದ್ಧತಿಯ ಬೇರು ಗಡಚಿರೋಲಿಯ ಈ ಹಳ್ಳಿಗಳಲ್ಲಿದೆ.